ಡಿಸ್ಕೇ ಇಲ್ಲದ ಸರ್ವರ್ ಬೂಟ್ ಆದ ಕಥೆ

ನಮ್ಮ ಲ್ಯಾಬ್‌ಗೆ ಬಂದ ಸರ್ವರ್‌ನಲ್ಲಿ ಡಿಸ್ಕ್ ಇರಲಿಲ್ಲ. ಡಿಸ್ಕ್ ಕೂರಿಸುವ ಕ್ಯಾಡಿಗಳೂ ಇರಲಿಲ್ಲ. ರಿಫರ್ಬಿಶ್ಡ್ ಮಾಲು, ಅದಕ್ಕೇ ಅಷ್ಟು ಕಡಿಮೆಗೆ ಸಿಕ್ಕಿತ್ತು. ಡಿಸ್ಕ್ ತರಿಸಬೇಕೆಂದರೆ ಮೂರು ಕೊಟೇಶನ್, ಕಂಪ್ಯಾರೇಟಿವ್ ಸ್ಟೇಟ್‌ಮೆಂಟ್, ಪರ್ಚೇಸ್ ಕಮಿಟಿ, ಆಮೇಲೆ ಸಹಿಗಳು. ಸೆಮಿಸ್ಟರ್ ಶುರುವಾಗುವುದರೊಳಗೆ ಆಗುವ ಮಾತಲ್ಲ. ಅತ್ತ ನಮ್ಮ ನ್ಯಾಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಜಾಗ ಹಂಚುವ ಮೆಷಿನ್) ಜಾಗ ಧಾರಾಳವಾಗಿ ಖಾಲಿ ಬಿದ್ದಿತ್ತು. ಅದರಲ್ಲೇ ಒಂದು ಪಾಲನ್ನು ಸರ್ವರ್‌ಗೆ ಡಿಸ್ಕ್ ಅಂತ ಕೊಟ್ಟು, ನೆಟ್‌ವರ್ಕ್ ಮೂಲಕವೇ ಬೂಟ್ ಮಾಡಿಸೋಣ ಎಂದು ಎಚ್‌ಒಡಿ ಮೇಡಂಗೆ ಹೇಳಿದೆ.

"ಡಿಸ್ಕೇ ಇಲ್ದೆ ಅದು ಹೆಂಗ್ರೀ ಬೂಟ್ ಆಗುತ್ತೆ?" ಎಂದರು.

"ಆಗುತ್ತೆ ಮೇಡಂ, ಒಂದು ವಾರ ಕೊಡಿ."

ವಾರಕ್ಕೆ ಆಗಲಿಲ್ಲ. ಆದರೆ ಈಗ ಆಗಿದೆ, ವಿದ್ಯಾರ್ಥಿಗಳ ಪ್ರೋಗ್ರಾಂಗಳೆಲ್ಲ ಅದರ ಮೇಲೇ ಓಡುತ್ತಿವೆ. ನೀವೂ ಇದೇ ದಾರಿ ಹಿಡಿಯುವವರಾದರೆ ಎಲ್ಲೆಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ ಎಂದು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಒಂದು ವಿಷಯ ಮೊದಲೇ ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ. ಹೀಗೆ ಬೂಟ್ ಆಗುವ ಸರ್ವರ್‌ನಲ್ಲಿ ನೆಟ್‌ವರ್ಕ್ ಒಂದೇ ಸಲ ಶುರುವಾಗಿ ಹಾಗೇ ಮುಂದುವರಿಯುವುದಿಲ್ಲ. ಮೊದಲು ಮದರ್‌ಬೋರ್ಡ್‌ನ ಫರ್ಮ್‌ವೇರ್ (ಅದರೊಳಗೇ ಇರುವ ಪ್ರೋಗ್ರಾಂ) ನೆಟ್‌ವರ್ಕ್ ಕಾರ್ಡನ್ನು ಹಿಡಿಯುತ್ತದೆ. ಅದು ಬಿಟ್ಟ ಮೇಲೆ ಐ-ಪಿಎಕ್ಸ್‌ಇ ಎಂಬ ಬೂಟ್ ಪ್ರೋಗ್ರಾಂ. ಆಮೇಲೆ ಲಿನಕ್ಸ್‌ನ ಇನಿಟ್‌ರ್ಯಾಮ್‌ಎಫ್‌ಎಸ್, ಅಂದರೆ ಅಸಲಿ ಡಿಸ್ಕ್ ಸಿಗುವವರೆಗೆ ಮೆಮೊರಿಯಲ್ಲಿ ಓಡುವ ಪುಟ್ಟ ಸಿಸ್ಟಂ. ಕೊನೆಗೆ ಪೂರ್ತಿ ಎದ್ದ ಆಪರೇಟಿಂಗ್ ಸಿಸ್ಟಂ. ಮನೆಗೆ ಆರ್‌ಸಿಸಿ ಹಾಕುವ ದಿನ ಕಾಂಕ್ರೀಟ್ ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ದಾಟುತ್ತದಲ್ಲ, ಹಾಗೆ. ಬೀಳುವುದು ಯಾವಾಗಲೂ ಎರಡು ಕೈಗಳ ನಡುವೆ. ಎರರ್ ಬಂದಾಗ "ಏನಾಯಿತು" ಎಂದು ಹುಡುಕುವ ಮೊದಲು "ಈ ಗಳಿಗೆಯಲ್ಲಿ ನೆಟ್‌ವರ್ಕ್ ಯಾರ ಕೈಯಲ್ಲಿದೆ" ಎಂದು ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ. ನನಗೆ ಬಂದ ಅಡ್ಡಿಗಳಲ್ಲಿ ಹೆಚ್ಚಿನವು ಈ ಕೈ ಬದಲಾವಣೆಯಲ್ಲೇ ಬಂದವು.

ನ್ಯಾಸ್‌ನ ಜಾಗವನ್ನು ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಕೊಡಲು ನನ್ನೆದುರು ಎರಡು ದಾರಿ ಇದ್ದವು. ಎನ್‌ಎಫ್‌ಎಸ್‌ನಿಂದ ಬೂಟ್ ಮಾಡಿಸುವುದೋ, ಐಸ್ಕಸಿಯಿಂದಲೋ ಎಂಬುದು ಮೊದಲ ಪ್ರಶ್ನೆ. ಎನ್‌ಎಫ್‌ಎಸ್ ಸುಲಭ. ನ್ಯಾಸ್‌ನಲ್ಲಿರುವ ಒಂದು ಫೋಲ್ಡರೇ ಸರ್ವರ್‌ಗೆ ರೂಟ್ (ಇಡೀ ಸಿಸ್ಟಂ ಇರುವ ಜಾಗ) ಆಗುತ್ತದೆ, ಒಳಗಿನ ಫೈಲ್‌ಗಳನ್ನು ನ್ಯಾಸ್‌ನಲ್ಲೇ ಕೂತು ತಿದ್ದಬಹುದು. ಬರೀ ವೆಬ್ ಸರ್ವರ್ ಆಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಆದರೆ ಇದರ ಮೇಲೆ ಕಂಟೇನರ್‌ಗಳು, ಅಂದರೆ ಪ್ರೋಗ್ರಾಂಗಳನ್ನು ಬೇರೆ ಬೇರೆಯಾಗಿ ಓಡಿಸುವ ಡಬ್ಬಿಗಳು, ಓಡಬೇಕಿತ್ತು. ಕಂಟೇನರ್‌ಗಳು ನೆಚ್ಚಿಕೊಂಡಿರುವ ಓವರ್‌ಲೇ ಎಂಬ ಪದರ ಪದರವಾದ ಫೈಲ್‌ಸಿಸ್ಟಂನ ಮೇಲಿನ ಪದರವನ್ನು ಎನ್‌ಎಫ್‌ಎಸ್ ಮೇಲೆ ಇಡುವಂತಿಲ್ಲ. ಹಾಗಾಗಿ ಐಸ್ಕಸಿ. ಇದರಲ್ಲಿ ಸರ್ವರ್‌ಗೆ ಕಾಣುವುದು ಫೋಲ್ಡರ್ ಅಲ್ಲ, ಇಡೀ ಡಿಸ್ಕು. ಡಿಸ್ಕ್‌ಗೆ ಹೋಗಬೇಕಾದ ಸ್ಕಸಿ ಆಜ್ಞೆಗಳು ಟಿಸಿಪಿ ಮೇಲೆ, ಪೋರ್ಟ್ 3260ಕ್ಕೆ ಹೋಗುತ್ತವೆ. ಪಾರ್ಟಿಷನ್ ಮಾಡಿ, ಫಾರ್ಮ್ಯಾಟ್ ಮಾಡಿ, ನಿಮ್ಮಿಷ್ಟ.

ಒಂದು ಎಚ್ಚರಿಕೆ: ಒಂದು ಐಸ್ಕಸಿ ಡಿಸ್ಕನ್ನು ಒಂದು ಮೆಷಿನ್‌ಗೆ ಮಾತ್ರ ಕೊಡಿ. ಮಾಮೂಲಿ ಇಎಕ್ಸ್‌ಟಿ4 ಇರುವ ಡಿಸ್ಕನ್ನು ಎರಡು ಮೆಷಿನ್‌ಗಳು ಒಟ್ಟಿಗೆ ಮೌಂಟ್ ಮಾಡಿಕೊಂಡರೆ ಫೈಲ್‌ಸಿಸ್ಟಂ ಕೆಟ್ಟು ಕೂರುವುದು ಖಂಡಿತ. ಐಸ್ಕಸಿ ನಿಮ್ಮನ್ನು ತಡೆಯುವುದಿಲ್ಲ.

ನ್ಯಾಸ್ ಕಡೆಯ ಕೆಲಸ ಬೇಗ ಮುಗಿಯಿತು. ನಮ್ಮದು ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಮೇಲೆ ಜೆಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ, ಎರಡು ಎಸ್‌ಎಸ್‌ಡಿಗಳ ಮಿರರ್. ಅದರಲ್ಲಿ 64 ಜಿಬಿಯ ಒಂದು ಜೆಡ್‌ವಾಲ್, ಅಂದರೆ ಡಿಸ್ಕ್‌ನ ಹಾಗೆ ಕಾಣುವ ಪಾಲು, ಮಾಡಿದೆ. ಸ್ಪಾರ್ಸ್ ಎಂದು ಹೇಳಿ ಮಾಡಿದರೆ ಬರೆದಷ್ಟೇ ಜಾಗ ತಿನ್ನುತ್ತದೆ. ಟಾರ್ಗೆಟ್‌ಸಿಎಲ್‌ಐ ಎಂಬ ಟೂಲ್‌ನಲ್ಲಿ ಅದನ್ನು ಬ್ಲಾಕ್ ಬ್ಯಾಕ್‌ಸ್ಟೋರ್ ಆಗಿ ಸೇರಿಸಿ, ಟಾರ್ಗೆಟ್‌ಗೆ (ಡಿಸ್ಕ್ ಕೊಡುವ ಕಡೆ) ಐಸ್ಕಸಿಯ ಗುರುತಾದ ಒಂದು ಐಕ್ಯೂಎನ್ ಹೆಸರು ಕೊಟ್ಟು, ಲನ್ (ಟಾರ್ಗೆಟ್ ತೋರಿಸುವ ಡಿಸ್ಕ್) ಜೋಡಿಸಿ, ಯಾವ ಕ್ಲೈಂಟ್‌ಗೆ ಅನುಮತಿ ಎಂದು ಎಸಿಎಲ್ ಬರೆದು, ಸೇವ್ ಮಾಡಿದರೆ ಆಯಿತು. ಪಾಸ್‌ವರ್ಡ್ ಇಡಬೇಕೆಂದರೆ ಚಾಪ್ ಇದೆ. ಅದನ್ನು 12ರಿಂದ 16 ಅಕ್ಷರದೊಳಗೆ ಇಡಿ, ಮುಂದೆ ವಿಂಡೋಸ್ ಮೆಷಿನ್ ಜೋಡಿಸುವಾಗ ಅದು ಅಷ್ಟನ್ನೇ ಒಪ್ಪುತ್ತದೆ. ಅಂದಹಾಗೆ ಚಾಪ್ ಲಾಗಿನ್‌ಗೆ ಮಾತ್ರ, ಡೇಟಾ ಎನ್‌ಕ್ರಿಪ್ಟ್ ಆಗುವುದಿಲ್ಲ. ಅದಕ್ಕೇ ಈ ಟ್ರಾಫಿಕ್ ಬೇರೆ ವಿಲ್ಯಾನ್‌ನಲ್ಲೇ (ಸ್ವಿಚ್‌ನಲ್ಲೇ ಬೇರ್ಪಡಿಸಿದ ನೆಟ್‌ವರ್ಕ್) ಇರಬೇಕು.

ವಿಲ್ಯಾನ್ ಬೇಕಾದದ್ದು ಇನ್ನೊಂದು ಕಾರಣಕ್ಕೂ. ನೆಟ್‌ವರ್ಕ್ ಬೂಟ್‌ಗೆ, ಮೆಷಿನ್‌ಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ನಮ್ಮ ಕೈಯಲ್ಲಿರಬೇಕು, ಕ್ಯಾಂಪಸ್‌ನ ಡಿಎಚ್‌ಸಿಪಿ ಇರುವುದು ನೆಟ್‌ವರ್ಕ್ ವಿಭಾಗದವರ ಕೈಯಲ್ಲಿ. ನಾನು ಹೋಗಿ ಕೇಳಿದಾಗ ಅಲ್ಲಿನ ಸರ್ ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು. ಹಿಂದೊಮ್ಮೆ ಹಾಸ್ಟೆಲ್‌ನಲ್ಲಿ ಯಾರೋ ವೈಫೈ ರೂಟರ್‌ನ ತಪ್ಪು ಪೋರ್ಟ್‌ಗೆ ಕೇಬಲ್ ಚುಚ್ಚಿ, ಒಂದಿಡೀ ಬ್ಲಾಕ್‌ಗೆ ತಪ್ಪು ಐಪಿ ಹಂಚಿ ಹೋಗಿತ್ತಂತೆ.

"ಇನ್ನೊಂದು ಡಿಎಚ್‌ಸಿಪಿ ಅಂದ್ರೆ ಪತ್ರ ಕೊಡಿ ಸರ್. ಎಚ್‌ಒಡಿ ಸಹಿ, ಪ್ರಿನ್ಸಿಪಾಲ್ ಸಹಿ ಎರಡೂ ಇರ್ಲಿ."

ನ್ಯಾಯವಾದ ಮಾತೇ. ಪತ್ರದಲ್ಲಿ ಮೂರು ವಿಷಯ ಇದ್ದರೆ ವಾಪಸ್ ಬರುವುದಿಲ್ಲ: ಯಾವ ನೆಟ್‌ವರ್ಕ್ ಸ್ವಿಚ್‌ನ ಯಾವ ಪೋರ್ಟ್‌ಗಳು, ಯಾವ ವಿಲ್ಯಾನ್ ನಂಬರ್, ಆ ವಿಲ್ಯಾನ್‌ನಿಂದ ಹೊರಗೆ ಏನೂ ಹೋಗುವುದಿಲ್ಲ ಎಂಬ ಒಂದು ಸಾಲು. ನಾನು ಮೊದಲು ಕೊಟ್ಟ ಪತ್ರದಲ್ಲಿ ಪೋರ್ಟ್ ನಂಬರ್ ಕೇಳಿ ವಾಪಸ್ ಕಳಿಸಿದರು. ಪ್ರಿನ್ಸಿಪಾಲ್ ಆ ವಾರ ಊರಲ್ಲಿರಲಿಲ್ಲ. ಬೂಟ್ ಆಗದ ದಿನಗಳಿಗಿಂತ ಈ ಸಹಿಗೆ ಕಾದ ದಿನಗಳೇ ಉದ್ದವಾಗಿ ಕಂಡವು. ಪತ್ರ ಕೊಡುವ ಸ್ಥಿತಿ ನಿಮಗಿಲ್ಲದಿದ್ದರೆ ಪ್ರಾಕ್ಸಿ ಡಿಎಚ್‌ಸಿಪಿ ಎಂಬ ದಾರಿ ಇದೆ. ಅದರಲ್ಲಿ ಐಪಿ ಕೊಡುವುದು ಹಳೇ ಸರ್ವರೇ, ಬೂಟ್ ಮಾಹಿತಿ ಮಾತ್ರ ನಿಮ್ಮದು. ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಂ ಅದನ್ನೂ ಮಾಡುತ್ತದೆ. ಆದರೆ ಅದಕ್ಕೂ ಅನುಮತಿ ಕೇಳುವುದೇ ಒಳ್ಳೆಯದು.

ಸಹಿ ಬಂತು, ವಿಲ್ಯಾನ್ ಬಂತು. ನ್ಯಾಸ್‌ನಲ್ಲೇ ಡಿಎನ್‌ಎಸ್‌ಮಾಸ್ಕ್ ಹಾಕಿ, ಡಿಎಚ್‌ಸಿಪಿ ಮತ್ತು ಬೂಟ್ ಫೈಲ್ ಕೊಡುವ ಟಿಎಫ್‌ಟಿಪಿ ಎರಡನ್ನೂ ಅದಕ್ಕೇ ಒಪ್ಪಿಸಿದೆ. ಸರ್ವರ್‌ನ ಸೆಟಪ್‌ಗೆ ಹೋಗಿ ನೆಟ್‌ವರ್ಕ್ ಸ್ಟಾಕ್ ಆನ್ ಮಾಡಿದೆ, ಬಹಳ ಮೆಷಿನ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದೆ, ಡೆಬಿಯನ್ ಪ್ಯಾಕೇಜ್‌ನ ಐ-ಪಿಎಕ್ಸ್‌ಇ ಫೈಲ್‌ಗೆ ಸೆಕ್ಯೂರ್ ಬೂಟ್ ಒಪ್ಪುವ ಸಹಿ ಇರಲಿಲ್ಲ. ಬೂಟ್ ಮೋಡ್ ಯುಇಎಫ್‌ಐ, ಅಂದರೆ ಹೊಸ ಬಗೆಯ ಫರ್ಮ್‌ವೇರ್‌ನದು. ಹಳೇ ಬಯೋಸ್ ಮೋಡ್‌ನಲ್ಲಿ ಮಾಡುವವರಿಗೆ ಬೂಟ್ ಫೈಲೇ ಬೇರೆ, ಎರಡನ್ನೂ ಬೆರೆಸಲು ಹೋಗಬೇಡಿ.

ಇಲ್ಲಿಂದ ಶುರುವಾಯಿತು ಕಾಯುವ ಕೆಲಸ. ಸರ್ವರ್ ಅಂದರೆ ಡೆಸ್ಕ್‌ಟಾಪ್ ಅಲ್ಲ. ಪವರ್ ಒತ್ತಿದರೆ ಫ್ಯಾನ್‌ಗಳು ಒಮ್ಮೆಲೇ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತವೆ, ಮೆಮೊರಿ ಚೆಕ್ ಆಗುತ್ತದೆ, ಡಿಸ್ಕ್‌ಗಳನ್ನು ನಿಭಾಯಿಸುವ ರೇಡ್ ಕಾರ್ಡು, ಇಲ್ಲದ ಡಿಸ್ಕ್‌ಗಳನ್ನೇ ಹುಡುಕುತ್ತದೆ, ಆಮೇಲೆ ನಿಧಾನವಾಗಿ ನೆಟ್‌ವರ್ಕ್‌ಗೆ ಬರುತ್ತದೆ. ಒಂದು ಅಕ್ಷರ ಬದಲಿಸಿ ಮತ್ತೆ ನೋಡಬೇಕೆಂದರೆ ಹೋಗಿ ಟೀ ಕುಡಿದು ಬರಬಹುದು. ಇದಕ್ಕೊಂದು ಉಪಾಯ: ಮೊದಲು ಎಲ್ಲವನ್ನೂ ಒಂದು ವರ್ಚುವಲ್ ಮೆಷಿನ್‌ನಲ್ಲಿ ಬೂಟ್ ಮಾಡಿ ನೋಡಿ. ಅದು ಸೆಕೆಂಡುಗಳಲ್ಲಿ ಎದ್ದು ಬೀಳುತ್ತದೆ. ಅಲ್ಲಿ ಸರಿಯಾದ ಮೇಲೆ ಅಸಲಿ ಕಬ್ಬಿಣಕ್ಕೆ ಬನ್ನಿ.

ಮೊದಲ ಎರರ್ ಪಿಎಕ್ಸ್‌ಇ-ಇ16 (ಪಿಎಕ್ಸ್‌ಇ ಎಂದರೆ ಫರ್ಮ್‌ವೇರ್‌ನ ನೆಟ್‌ವರ್ಕ್ ಬೂಟ್), ಅಂದರೆ ಡಿಎಚ್‌ಸಿಪಿಯಿಂದ ಯಾರೂ ಉತ್ತರಿಸಲಿಲ್ಲ ಎಂದು. ಹಳೇ ಬಯೋಸ್‌ನಲ್ಲಿ ಇದೇ ದೂರು ಇ51 ಎಂದು ಬರುತ್ತದೆ. ತಮಾಷೆ ಏನೆಂದರೆ ಒಮ್ಮೊಮ್ಮೆ ಉತ್ತರ ಸಿಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ನ್ಯಾಸ್‌ನಲ್ಲಿ, ಬಂದು ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ಕೂತೆ. ಸರ್ವರ್ ಕೇಳುತ್ತಿದೆ ಎಂದು ಸರ್ವರ್‌ನ ಸ್ಕ್ರೀನ್ ಹೇಳುತ್ತಿದೆ, ನ್ಯಾಸ್‌ಗೆ ಒಂದು ಪ್ಯಾಕೆಟ್ಟೂ ಬಂದಿಲ್ಲ. ಹಾಗಾದರೆ ನಡುವಿನ ಸ್ವಿಚ್. ಸ್ಪ್ಯಾನಿಂಗ್ ಟ್ರೀ ಎಂಬ, ಲೂಪ್ ತಡೆಯುವ ವ್ಯವಸ್ಥೆ ಆನ್ ಇರುವ ಪೋರ್ಟ್‌ನಲ್ಲಿ ಲಿಂಕ್ ಬಂದ ಕೂಡಲೇ ಡೇಟಾ ಹರಿಯುವುದಿಲ್ಲ. ಲೂಪ್ ಇದೆಯೋ ಎಂದು 15 ಸೆಕೆಂಡ್ ಕೇಳಿಸಿಕೊಂಡು, ಇನ್ನೊಂದು 15 ಸೆಕೆಂಡ್ ಕಲಿತು, ಆಮೇಲೆ ಬಾಗಿಲು ತೆರೆಯುತ್ತದೆ. ಕೈ ಬದಲಾಗುವಾಗ ಕಾರ್ಡ್ ರಿಸೆಟ್ ಆಗಿ ಲಿಂಕ್ ಬಿದ್ದು ಎದ್ದರೆ ಅಲ್ಲೆಲ್ಲ ಮತ್ತೆ ಅದೇ 30 ಸೆಕೆಂಡ್. ಕೇಳುವವನಿಗೆ ಅಷ್ಟು ತಾಳ್ಮೆ ಇದ್ದರೆ ಬೂಟ್, ಇಲ್ಲದಿದ್ದರೆ ಇಲ್ಲ. ಆ ಪೋರ್ಟನ್ನು ಎಡ್ಜ್ ಪೋರ್ಟ್ ಮಾಡಿಸಿ. ಕೆಲವು ಸ್ವಿಚ್‌ಗಳಲ್ಲಿ ಇದಕ್ಕೆ ಪೋರ್ಟ್‌ಫಾಸ್ಟ್ ಎನ್ನುತ್ತಾರೆ. ಮಾಡಿಸಿದ ಮೇಲೆ ಇ16 ಮತ್ತೆ ಕಾಣಲಿಲ್ಲ.

ಅದರ ಬೆನ್ನಲ್ಲೇ ಇ18. ಐಪಿ ಸಿಕ್ಕಿತು, ಫೈಲ್ ಹೆಸರೂ ಸಿಕ್ಕಿತು, ಫೈಲ್‌ಸೈಜ್ ಮಾತ್ರ 0 ಬೈಟ್ ಎಂದು ತೋರಿಸಿ ನಿಂತುಬಿಡುತ್ತಿತ್ತು. ಇದು ಸಣ್ಣದು. ಫೈರ್‌ವಾಲ್‌ನಲ್ಲಿ ಡಿಎಚ್‌ಸಿಪಿಯ ಯುಡಿಪಿ 67 ತೆರೆದಿತ್ತು, ಟಿಎಫ್‌ಟಿಪಿಯ ಯುಡಿಪಿ 69 ಮುಚ್ಚಿತ್ತು.

ಐ-ಪಿಎಕ್ಸ್‌ಇ ಬಂತು. ಸ್ಕ್ರೀನ್ ಮೇಲೆ ಅದರ ಹೆಸರು ಕಂಡು ಖುಷಿಯಾಯಿತು. ಆಮೇಲೆ ಅದು ಡಿಎಚ್‌ಸಿಪಿ ಕೇಳಿತು, ಬೂಟ್ ಫೈಲ್ ತಂದಿತು, ಓಡಿಸಿತು. ಮತ್ತೆ ಅದರದೇ ಹೆಸರು. ಮತ್ತೆ ಡಿಎಚ್‌ಸಿಪಿ. ಮತ್ತೆ ಅದರದೇ ಹೆಸರು. ಐ-ಪಿಎಕ್ಸ್‌ಇ ತನ್ನನ್ನೇ ತಾನು ತಂದು ಓಡಿಸಿಕೊಳ್ಳುತ್ತಿತ್ತು. ಫರ್ಮ್‌ವೇರ್ ಕೇಳಿದಾಗಲೂ ಐ-ಪಿಎಕ್ಸ್‌ಇ ಕೇಳಿದಾಗಲೂ ಡಿಎಚ್‌ಸಿಪಿ ಒಂದೇ ಉತ್ತರ ಕೊಟ್ಟರೆ ಇನ್ನೇನಾಗುತ್ತದೆ? ಕೇಳುತ್ತಿರುವವರು ಯಾರೆಂದು ನೋಡಿ ಉತ್ತರ ಕೊಡಬೇಕು. ಐ-ಪಿಎಕ್ಸ್‌ಇ ಕೇಳುವಾಗ ಡಿಎಚ್‌ಸಿಪಿ ಆಪ್ಷನ್ 175 ಕಳಿಸುತ್ತದೆ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಅದನ್ನು ಗುರುತಿಸಿ ಒಂದು ಟ್ಯಾಗ್ ಹಾಕಿದೆ. ಟ್ಯಾಗ್ ಇಲ್ಲದವರಿಗೆ ಐ-ಪಿಎಕ್ಸ್‌ಇ ಫೈಲ್, ಇರುವವರಿಗೆ ಬೂಟ್ ಸ್ಕ್ರಿಪ್ಟ್. ಎರಡು ಸಾಲಿನ ಕೆಲಸ. ಇದಕ್ಕೆ ಹತ್ತಿರದ ಇನ್ನೊಂದು ವಿಷಯ: ಐ-ಪಿಎಕ್ಸ್‌ಇಯ ಯುಇಎಫ್‌ಐ ಫೈಲ್‌ನಲ್ಲಿ ಎರಡು ಬಗೆ. ಒಂದರಲ್ಲಿ ಅದರದೇ ಡ್ರೈವರ್‌ಗಳಿವೆ. ಎಸ್‌ಎನ್‌ಪಿ-ಓನ್ಲಿ ಎಂಬ ಇನ್ನೊಂದು, ಕಾರ್ಡ್‌ನ ಫರ್ಮ್‌ವೇರ್ ಡ್ರೈವರನ್ನೇ ಬಳಸುತ್ತದೆ. ಒಂದರಲ್ಲಿ ಲಿಂಕ್ ಸಿಗದಿದ್ದರೆ ಇನ್ನೊಂದನ್ನು ಹಾಕಿ ನೋಡಿ.

ಇನ್‌ಸ್ಟಾಲ್ ಮಾಡಲು ಯುಎಸ್‌ಬಿ ಕಡ್ಡಿಯೇ ಸಲೀಸು. ಡೆಬಿಯನ್ 12ರ ಇನ್‌ಸ್ಟಾಲರ್‌ನಲ್ಲಿ ಪಾರ್ಟಿಷನ್ ಹಂತಕ್ಕೆ ಬಂದಾಗ ಮ್ಯಾನುಯಲ್ ಆರಿಸಿಕೊಂಡರೆ ಐಸ್ಕಸಿ ವಾಲ್ಯೂಮ್ ಜೋಡಿಸುವ ಮೆನು ಇದೆ. ನ್ಯಾಸ್‌ನ ಐಪಿ ಕೊಟ್ಟು ಲಾಗಿನ್ ಆದರೆ 64 ಜಿಬಿ ಡಿಸ್ಕ್ ಮಾಮೂಲಿ ಡಿಸ್ಕ್‌ನ ಹಾಗೇ ಪಟ್ಟಿಗೆ ಬರುತ್ತದೆ. ಸ್ವಾಪ್ ಪಾರ್ಟಿಷನ್ ಮಾಡಲು ಅದು ಮುಂದೆ ಬಂದರೆ ಬೇಡ ಅನ್ನಿ. ಮೆಮೊರಿ ಸಾಲದೆ ಸ್ವಾಪ್‌ಗೆ ಬರೆಯಬೇಕು, ಬರೆಯಲು ನೆಟ್‌ವರ್ಕ್ ಬೇಕು, ನೆಟ್‌ವರ್ಕ್‌ಗೆ ಮೆಮೊರಿ ಬೇಕು. ಇಡೀ ಮೆಷಿನ್ ಗಂಟು ಬೀಳಬಹುದು. ನಾನು ಝಡ್‌ರ್ಯಾಮ್, ಅಂದರೆ ಮೆಮೊರಿಯೊಳಗೇ ಕುಗ್ಗಿಸಿ ಇಡುವ ಸ್ವಾಪ್, ಹಾಕಿಕೊಂಡಿದ್ದೇನೆ.

ಇನ್‌ಸ್ಟಾಲ್ ಮುಗಿದು, ಕಡ್ಡಿ ತೆಗೆದು ರೀಬೂಟ್ ಮಾಡಿದರೆ ಐ-ಪಿಎಕ್ಸ್‌ಇಗೆ ಟಾರ್ಗೆಟ್ ಬಾಗಿಲು ತೆಗೆಯಲಿಲ್ಲ. ಇನ್‌ಸ್ಟಾಲರ್‌ಗೆ ಬಿಟ್ಟದ್ದು ಇದಕ್ಕೆ ಯಾಕೆ ಬಿಡುವುದಿಲ್ಲ? ಸರ್ವರ್‌ನ ಸ್ಕ್ರೀನ್‌ನಲ್ಲಿ ಉತ್ತರ ಇರಲಿಲ್ಲ, ನ್ಯಾಸ್‌ನ ಕರ್ನಲ್ ಲಾಗ್‌ನಲ್ಲಿತ್ತು. ಇಂಥ ಹೆಸರಿನ ಇನಿಶಿಯೇಟರ್‌ಗೆ (ಡಿಸ್ಕ್ ಕೇಳುವ ಕ್ಲೈಂಟ್) ಅಧಿಕಾರವಿಲ್ಲ ಎಂದು ಹೆಸರು ಸಮೇತ ಬರೆದಿತ್ತು. ಐಸ್ಕಸಿಯಲ್ಲಿ ಕ್ಲೈಂಟ್‌ಗೂ ಒಂದು ಐಕ್ಯೂಎನ್ ಇರುತ್ತದೆ. ಡೆಬಿಯನ್ ತಾನೇ ಒಂದು ಹೆಸರು ಹುಟ್ಟಿಸಿಕೊಳ್ಳುತ್ತದೆ, ಅದು 1993-08 ಎಂಬ ತಾರೀಖಿನಿಂದ ಶುರುವಾಗುತ್ತದೆ. ಐ-ಪಿಎಕ್ಸ್‌ಇ ಹುಟ್ಟಿಸುವ ಹೆಸರು 2010-04ರಿಂದ. ಮೆಷಿನ್ ಒಂದೇ, ಕಾರ್ಡ್ ಒಂದೇ, ಹೆಸರು ಎರಡು. ಎಸಿಎಲ್‌ನಲ್ಲಿ ಇದ್ದದ್ದು ಮೊದಲನೆಯದು ಮಾತ್ರ. ಎರಡನ್ನೂ ಸೇರಿಸಿದರೂ ನಡೆಯುತ್ತದೆ, ಆದರೆ ಅದು ತೇಪೆ. ಐ-ಪಿಎಕ್ಸ್‌ಇ ಸ್ಕ್ರಿಪ್ಟ್‌ನಲ್ಲಿ ಇನಿಶಿಯೇಟರ್ ಹೆಸರನ್ನು ನಾವೇ ಬರೆಯಬಹುದು, ಡೆಬಿಯನ್‌ನಲ್ಲಿ ಅದಕ್ಕೊಂದು ಫೈಲ್ ಇದೆ. ಎರಡು ಕಡೆಯೂ ಒಂದೇ ಹೆಸರು ಇಟ್ಟೆ. ಈ ಕೆಲಸದಲ್ಲಿ ಸರ್ವರ್ ಎದುರು ಕೂತಷ್ಟೇ ಹೊತ್ತು ನ್ಯಾಸ್‌ನ ಲಾಗ್ ಎದುರೂ ಕೂರಬೇಕು.

ಲಾಗಿನ್ ಆಯಿತು, ಡಿಸ್ಕ್ ಕಂಡಿತು, ಆದರೂ ಬೂಟ್ ಇಲ್ಲ. ಯುಇಎಫ್‌ಐನಲ್ಲಿ ಡೆಬಿಯನ್ ತನ್ನ ಬೂಟ್‌ಲೋಡರನ್ನು (ಸಿಸ್ಟಂನ ತಿರುಳಾದ ಕರ್ನಲನ್ನು ಲೋಡ್ ಮಾಡುವ ಗ್ರಬ್) ತನ್ನ ಹೆಸರಿನ ಫೋಲ್ಡರ್‌ನಲ್ಲಿಟ್ಟು, ಅದರ ವಿಳಾಸವನ್ನು ಮದರ್‌ಬೋರ್ಡ್‌ನ ನೆನಪಿಗೆ ಬರೆಯುತ್ತದೆ. ಮದರ್‌ಬೋರ್ಡ್‌ಗೆ ಈ ಡಿಸ್ಕೇ ಕಾಣದಿರುವಾಗ ಆ ವಿಳಾಸ ಇಟ್ಟುಕೊಂಡು ಏನು ಮಾಡುವುದು? ಐ-ಪಿಎಕ್ಸ್‌ಇ ಹುಡುಕುವುದು ಪೆನ್‌ಡ್ರೈವ್‌ಗಳಲ್ಲಿ ಇರುತ್ತದಲ್ಲ, ಬೂಟ್‌ಎಕ್ಸ್64 ಎಂಬ ಮಾಮೂಲಿ ಹೆಸರಿನ ಫೈಲ್, ಅದನ್ನು. ಗ್ರಬ್ ಇನ್‌ಸ್ಟಾಲ್ ಆಗುವಾಗ "ರಿಮೂವಬಲ್ ಮೀಡಿಯಾ ಪಾತ್‌ಗೂ ಹಾಕಲೇ" ಎಂಬ ಪ್ರಶ್ನೆ ಇದೆ. ಎಕ್ಸ್‌ಪರ್ಟ್ ಮೋಡ್‌ನಲ್ಲಿ ಇನ್‌ಸ್ಟಾಲ್ ಮಾಡಿದರೆ ಅದು ಎದುರಿಗೇ ಬರುತ್ತದೆ, ಹೌದು ಎನ್ನಿ. ಆಗಲೇ ಮುಗಿದಿದ್ದರೆ, ನೆಟ್‌ವರ್ಕ್ ಡಿಸ್ಕ್‌ನಿಂದ ಬೂಟ್ ಮಾಡಿಸುವ ಐ-ಪಿಎಕ್ಸ್‌ಇಯ ಸ್ಯಾನ್‌ಬೂಟ್ ಆಜ್ಞೆಗೆ ಗ್ರಬ್ ಫೈಲ್‌ನ ದಾರಿಯನ್ನು ಕೈಯಾರೆ ಕೊಟ್ಟು ಒಮ್ಮೆ ಎಬ್ಬಿಸಿ, ಆಮೇಲೆ ಗ್ರಬ್ ಪ್ಯಾಕೇಜನ್ನು ರೀಕಾನ್ಫಿಗರ್ ಮಾಡಿ. ನಾನು ಹಾಗೇ ಮಾಡಬೇಕಾಯಿತು. ಐ-ಪಿಎಕ್ಸ್‌ಇ ಬಂದ ತಕ್ಷಣ ಕಂಟ್ರೋಲ್ ಮತ್ತು ಬಿ ಒತ್ತಿದರೆ ಕಮಾಂಡ್ ಲೈನ್ ಸಿಗುತ್ತದೆ, ಇಂಥ ಪ್ರಯೋಗಗಳಿಗೆ ಅದು ಬಹಳ ಅನುಕೂಲ.

ಗ್ರಬ್ ಮೆನು ಬಂತು. ಕರ್ನಲ್ ಲೋಡ್ ಆಯಿತು. ಅಷ್ಟರಲ್ಲಿ ಲ್ಯಾಬ್ ಅಟೆಂಡರ್ ಬೀಗ ಹಾಕಲು ಬಂದು ಬಾಗಿಲಲ್ಲಿ ನಿಂತಿದ್ದರು. "ಐದು ನಿಮಿಷ ಅಣ್ಣ" ಎಂದೆ. ಸ್ಕ್ರೀನ್ ಮೇಲೆ ರೂಟ್ ಫೈಲ್‌ಸಿಸ್ಟಂಗಾಗಿ ಕಾದು ಕೈಬಿಟ್ಟೆ ಎಂಬ ಸಾಲು. ಅದರ ಕೆಳಗೆ ಇಂಥ ಯುಯುಐಡಿ (ಡಿಸ್ಕ್ ಪಾರ್ಟಿಷನ್‌ನ ಗುರುತು) ಇಲ್ಲ, ಶೆಲ್‌ಗೆ ಬೀಳಿಸುತ್ತಿದ್ದೇನೆ ಎಂಬ ಇನ್ನೊಂದು ಸಾಲು. ಆಮೇಲೆ ಬ್ರಾಕೆಟ್‌ನೊಳಗೆ ಇನಿಟ್‌ರ್ಯಾಮ್‌ಎಫ್‌ಎಸ್ ಎಂದು ಬರೆದ ಪ್ರಾಂಪ್ಟ್, ಪಕ್ಕದಲ್ಲಿ ಮಿನುಗುವ ಕರ್ಸರ್. ಗ್ರಬ್ ಇದೇ ಡಿಸ್ಕ್‌ನಿಂದ ಕರ್ನಲ್ ಓದಿದೆ, ಕರ್ನಲ್‌ಗೆ ಅದೇ ಡಿಸ್ಕ್ ಇಲ್ಲ! ಅಣ್ಣ ಬೀಗದ ಕೈ ಆಡಿಸುತ್ತಿದ್ದರು. ಅವತ್ತಿಗೆ ಮನೆಗೆ ಹೋದೆ.

ಕಾರಣ ಕೈ ಬದಲಾವಣೆಯೇ. ಗ್ರಬ್‌ಗೆ ಡಿಸ್ಕ್ ಕಾಣಿಸುತ್ತಿದ್ದದ್ದು ಐ-ಪಿಎಕ್ಸ್‌ಇಯ ಮೂಲಕ. ಕರ್ನಲ್ ಅಧಿಕಾರ ತೆಗೆದುಕೊಂಡ ಕ್ಷಣಕ್ಕೆ ಐ-ಪಿಎಕ್ಸ್‌ಇ ತನ್ನ ಡಿಸ್ಕ್ ಸಮೇತ ಮಾಯ. ಈಗ ಇನಿಟ್‌ರ್ಯಾಮ್‌ಎಫ್‌ಎಸ್ ತಾನೇ ಕಾರ್ಡ್ ಎಬ್ಬಿಸಿ, ಐಪಿ ಪಡೆದು, ಟಾರ್ಗೆಟ್‌ಗೆ ಹೊಸದಾಗಿ ಲಾಗಿನ್ ಆಗಬೇಕು. ಯಾವ ಟಾರ್ಗೆಟ್, ಯಾವ ಹೆಸರು ಎಂಬುದನ್ನು ಐ-ಪಿಎಕ್ಸ್‌ಇ ಹೋಗುವ ಮೊದಲು ಐಬಿಎಫ್‌ಟಿ ಎಂಬ ಕೋಷ್ಟಕದಲ್ಲಿ ಬರೆದಿಟ್ಟು ಹೋಗುತ್ತದೆ. ಅದನ್ನು ಓದಿ ಲಾಗಿನ್ ಆಗು ಎಂದು ಇನಿಟ್‌ರ್ಯಾಮ್‌ಎಫ್‌ಎಸ್‌ಗೆ ಹೇಳಬೇಕಷ್ಟೆ. ಡೆಬಿಯನ್‌ನಲ್ಲಿ ಓಪನ್-ಐಸ್ಕಸಿ ಪ್ಯಾಕೇಜ್ ಹಾಕಿ, ಐಸ್ಕಸಿ ಫೋಲ್ಡರ್‌ನಲ್ಲಿ ಐಸ್ಕಸಿ.ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಫೈಲ್ ಮಾಡಿ, ಐಸ್ಕಸಿ-ಆಟೋ ಎಂಬುದನ್ನು ಟ್ರೂ ಎಂದು ಬರೆದು, ಇನಿಟ್‌ರ್ಯಾಮ್‌ಎಫ್‌ಎಸ್ ಮತ್ತೆ ಕಟ್ಟಬೇಕು. ಫೆಡೋರಾ, ರೆಡ್‌ಹ್ಯಾಟ್ ಕಡೆಯವರಿಗೆ ಇನಿಟ್‌ರ್ಯಾಮ್‌ಎಫ್‌ಎಸ್ ಕಟ್ಟುವ ಡ್ರೇಕಟ್‌ನಲ್ಲಿ ಇದೇ ಕೆಲಸಕ್ಕೆ ಕರ್ನಲ್ ಪ್ಯಾರಾಮೀಟರ್‌ಗಳಿವೆ. ನನಗೆ ಡಿಸ್ಕೇ ಸಿಗುತ್ತಿರಲಿಲ್ಲವಲ್ಲ, ಹಾಗಾಗಿ ಇನ್‌ಸ್ಟಾಲರ್ ಕಡ್ಡಿಯ ರೆಸ್ಕ್ಯೂ ಮೋಡ್‌ನಿಂದ ಒಳಗೆ ಹೋಗಿ ಈ ಕೆಲಸ ಮುಗಿಸಿದೆ.

ಆ ಪ್ರಾಂಪ್ಟ್‌ನಲ್ಲಿ ನಿಂತವರು ಎರಡು ವಿಷಯ ನೋಡಿ. ನೆಟ್‌ವರ್ಕ್ ಕಾರ್ಡ್‌ಗಳ ಪಟ್ಟಿಯಲ್ಲಿ ಬರೀ ಲೂಪ್‌ಬ್ಯಾಕ್ ಇದ್ದರೆ ಡ್ರೈವರ್ ಬಂದಿಲ್ಲ. ಸಿಸ್ಟಂನ ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಐಬಿಎಫ್‌ಟಿ ಇಲ್ಲದಿದ್ದರೆ ಕೋಷ್ಟಕ ದಾಟಿ ಬಂದಿಲ್ಲ, ಅಥವಾ ಅದನ್ನು ಓದುವ ಮಾಡ್ಯೂಲ್ ಲೋಡ್ ಆಗಿಲ್ಲ. ಬ್ರಾಡ್‌ಕಾಮ್‌ನ ನೆಟ್‌ಎಕ್ಸ್‌ಟ್ರೀಮ್ 2 ಕಾರ್ಡ್ ಇರುವ ಹಳೇ ಸರ್ವರ್‌ಗಳಲ್ಲಿ ಇನ್ನೊಂದು ಪೇಚು ಇದೆ. ಆ ಕಾರ್ಡ್‌ಗೆ ಓಡಲು ಒಂದು ಫರ್ಮ್‌ವೇರ್ ಫೈಲ್ ಬೇಕು. ಫೈಲ್ ಇರುವುದು ಡಿಸ್ಕ್‌ನಲ್ಲಿ, ಡಿಸ್ಕ್ ಇರುವುದು ಆ ಕಾರ್ಡ್‌ನ ಆಚೆ. ಫೈಲನ್ನು ಇನಿಟ್‌ರ್ಯಾಮ್‌ಎಫ್‌ಎಸ್ ಒಳಗೇ ಸೇರಿಸದೆ ಗತಿಯಿಲ್ಲ.

ಮರುದಿನ ಲಾಗಿನ್ ಪ್ರಾಂಪ್ಟ್ ಬಂತು. ಮೇಡಂಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಬೇಗ ಹೇಳಿಬಿಟ್ಟೆ ಅನ್ನಿಸಿದ್ದು ಐಪಿ ಬದಲಿಸಲು ನೆಟ್‌ವರ್ಕ್ ಸರ್ವೀಸ್ ರೀಸ್ಟಾರ್ಟ್ ಮಾಡಿದಾಗ. ಸರ್ವರ್ ಸತ್ತಿರಲಿಲ್ಲ. ಎಂಟರ್ ಒತ್ತಿದರೆ ಹೊಸ ಪ್ರಾಂಪ್ಟ್ ಬರುತ್ತದೆ. ಮೊದಲೇ ಮೆಮೊರಿಯಲ್ಲಿದ್ದ ಆಜ್ಞೆಗಳು ಓಡುತ್ತವೆ. ಹೊಸದೇನು ಟೈಪ್ ಮಾಡಿದರೂ ಅಲ್ಲೇ ನಿಲ್ಲುತ್ತದೆ, ಯಾಕೆಂದರೆ ಆ ಆಜ್ಞೆಯ ಫೈಲ್ ಇರುವುದು ನೆಟ್‌ವರ್ಕ್‌ನ ಆಚೆ, ನೆಟ್‌ವರ್ಕ್ ಮೇಲೆತ್ತುವ ಪ್ರೋಗ್ರಾಮೂ ಅಲ್ಲೇ. ರೂಟ್ ಡಿಸ್ಕ್ ಇರುವ ಕಾರ್ಡನ್ನು ಆಪರೇಟಿಂಗ್ ಸಿಸ್ಟಂ ಮುಟ್ಟದಂತೆ ಮ್ಯಾನುಯಲ್ ಎಂದು ಬರೆದಿಡಿ. ನೆಟ್‌ವರ್ಕ್ ಹೊಂದಿಸಲು ನೆಟ್‌ಪ್ಲಾನ್ ಬಳಸುವವರಿಗೆ ಕ್ರಿಟಿಕಲ್ ಎಂಬ ಗುರುತು ಇದೆ. ಇನ್ನೂ ಒಂದಿದೆ: ಇನಿಟ್‌ರ್ಯಾಮ್‌ಎಫ್‌ಎಸ್ ಪಡೆದ ಡಿಎಚ್‌ಸಿಪಿ ಲೀಸನ್ನು (ಆ ಐಪಿ ಬಳಸುವ ಅವಧಿ) ಆಮೇಲೆ ಯಾರೂ ನವೀಕರಿಸದೇ ಇರಬಹುದು. ಲೀಸ್ ಮುಗಿದ ಮೇಲೆ ಅದೇ ಐಪಿ ಇನ್ನೊಬ್ಬರಿಗೆ ಹೋದರೆ ನಿಮ್ಮ ಡಿಸ್ಕ್‌ನ ಗತಿ ಅಷ್ಟೆ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಕಾರ್ಡ್‌ನ ಮ್ಯಾಕ್ ವಿಳಾಸಕ್ಕೆ ಐಪಿ ಕಟ್ಟಿಹಾಕಿಬಿಡಿ.

ನಂತರ ಕರೆಂಟ್ ಹೋಯಿತು. ನಮ್ಮ ಕಡೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಏನೂ ಕಟ್ಟುವ ಹಾಗಿಲ್ಲ. ಸರ್ವರ್ ಯುಪಿಎಸ್ ಮೇಲಿತ್ತು, ನ್ಯಾಸ್ ಯುಪಿಎಸ್ ಮೇಲಿತ್ತು. ಕಾರಿಡಾರ್‌ನ ಗೋಡೆಯ ಮೇಲಿನ ನೆಟ್‌ವರ್ಕ್ ಸ್ವಿಚ್ ಯಾವ ಯುಪಿಎಸ್‌ನ ಮೇಲೂ ಇರಲಿಲ್ಲ. ಎರಡೂ ಮೆಷಿನ್‌ಗಳು ಎಚ್ಚರವಾಗಿದ್ದುಕೊಂಡೇ ಸರ್ವರ್‌ಗೆ ಡಿಸ್ಕ್ ಕಿತ್ತುಹೋಯಿತು. ಓಪನ್-ಐಸ್ಕಸಿ ಸಂಪರ್ಕ ತಪ್ಪಿದ ಮೇಲೆ 120 ಸೆಕೆಂಡ್ ಕಾಯುತ್ತದೆ, ಆಮೇಲೆ ಡಿಸ್ಕ್ ಕೆಟ್ಟಿದೆ ಎಂದು ಮೇಲಿನವರಿಗೆ ಹೇಳಿಬಿಡುತ್ತದೆ. ಫೈಲ್‌ಸಿಸ್ಟಂ ಕೂಡಲೇ ರೀಡ್-ಓನ್ಲಿ ಆಗುತ್ತದೆ. ಕರೆಂಟ್ ಬಂದರೂ, ಸ್ವಿಚ್ ಎದ್ದರೂ ರೀಬೂಟ್ ಮಾಡದೆ ಸರಿಹೋಗಲಿಲ್ಲ. ಡೇಟಾ ಡಿಸ್ಕ್‌ಗೆ 120 ಸರಿ, ರೂಟ್ ಡಿಸ್ಕ್‌ಗೆ ಅಲ್ಲ. ಈ ಕಾಯುವ ಅವಧಿಯನ್ನು, ಅಂದರೆ ರಿಪ್ಲೇಸ್‌ಮೆಂಟ್ ಟೈಮ್‌ಔಟನ್ನು 86400 ಸೆಕೆಂಡ್, ಅಂದರೆ ಒಂದು ದಿನ ಮಾಡಿ, ನೋಪ್ ಎಂಬ ಸಂಪರ್ಕ ತಪಾಸಣೆಯ ಎರಡು ಸಮಯಗಳನ್ನು 0 ಮಾಡಲು ಓಪನ್-ಐಸ್ಕಸಿಯ ರೀಡ್‌ಮಿಯೇ ಹೇಳುತ್ತದೆ. ಮಾಡಿದ ಮೇಲೆ ಬೇಕೆಂದೇ ಸ್ವಿಚ್‌ನ ಪ್ಲಗ್ ಕಿತ್ತು ನೋಡಿದೆ. ಸರ್ವರ್ ಉಸಿರು ಹಿಡಿದು ನಿಂತಿತು. ಪ್ಲಗ್ ಹಾಕಿದ ಮೇಲೆ, ನಡುವೆ ಟೈಪ್ ಮಾಡಿದ್ದೆಲ್ಲ ಸಾಲಾಗಿ ಓಡಿತು.

ಪೂರ್ತಿ ಆಫ್ ಆಗಿ ಎರಡೂ ಒಟ್ಟಿಗೆ ಆನ್ ಆದಾಗ ಇನ್ನೊಂದು ಫಜೀತಿ. ಸರ್ವರ್ ಬೂಟ್‌ಗೆ ಬಂದಾಗ ನ್ಯಾಸ್ ಇನ್ನೂ ಏಳುತ್ತಿರುತ್ತದೆ. ಐ-ಪಿಎಕ್ಸ್‌ಇ ಸ್ಕ್ರಿಪ್ಟ್‌ನಲ್ಲಿ ಸ್ಯಾನ್‌ಬೂಟ್ ಸೋತರೆ ಹತ್ತು ಸೆಕೆಂಡ್ ಮಲಗಿ ಮತ್ತೆ ಪ್ರಯತ್ನಿಸು ಎಂದು ಬರೆದೆ. ಆದರೆ ಸ್ಕ್ರಿಪ್ಟ್ ಕೊಡುವುದೂ ನ್ಯಾಸೇ ತಾನೇ, ಹಾಗಾಗಿ ಸರ್ವರ್‌ನ ಸೆಟಪ್‌ನಲ್ಲಿ ಕರೆಂಟ್ ಬಂದ ಮೇಲೆ ತಡವಾಗಿ ಆನ್ ಆಗುವ ಆಯ್ಕೆಯನ್ನೂ ಹಾಕಿದೆ. ನ್ಯಾಸ್ ಒಳಗೂ ಇದೇ ಜಗಳ: ಐಸ್ಕಸಿ ಸರ್ವೀಸ್ ಎದ್ದಾಗ ಜೆಡ್‌ಎಫ್‌ಎಸ್ ಪೂಲ್ ಇನ್ನೂ ಬಂದಿರದಿದ್ದರೆ ಜೆಡ್‌ವಾಲ್ ಕಾಣುವುದಿಲ್ಲ, ಟಾರ್ಗೆಟ್ ಲನ್ ಇಲ್ಲದೆ ಏಳುತ್ತದೆ. ಆ ಸ್ಥಿತಿಯಲ್ಲಿ ಟಾರ್ಗೆಟ್‌ಸಿಎಲ್‌ಐ ತೆಗೆದು ಸೇವ್ ಮಾಡಿದಿರೋ, ಲನ್ ಇಲ್ಲದ ಕಾನ್ಫಿಗರೇಷನ್ನೇ ಸೇವ್ ಆಗುತ್ತದೆ. ಹಳೆಯದು ಬ್ಯಾಕಪ್ ಫೋಲ್ಡರ್‌ನಲ್ಲಿ ಸಿಗುತ್ತದೆ, ಗಾಬರಿ ಬೇಡ. ಸರ್ವೀಸ್‌ಗಳನ್ನು ಎಬ್ಬಿಸುವ ಸಿಸ್ಟಂಡಿಯಲ್ಲಿ ಟಾರ್ಗೆಟ್ ಸರ್ವೀಸನ್ನು ಜೆಡ್‌ಎಫ್‌ಎಸ್ ನಂತರ ಎಂದು ಬರೆದರೆ ಮುಗಿಯಿತು.

ಖರ್ಚು ಹೇಳಬೇಕಲ್ವಾ. ಎಂಟು ಪೋರ್ಟ್‌ನ ಮ್ಯಾನೇಜ್ಡ್ ಸ್ವಿಚ್ ಸುಮಾರು 4,000 ರೂಪಾಯಿ, ಅದನ್ನು ಲ್ಯಾಬ್ ಒಳಗೇ ಯುಪಿಎಸ್ ಮೇಲೆ ಇಟ್ಟ ಮೇಲೆ ಕಾರಿಡಾರ್ ಸ್ವಿಚ್‌ನ ಹಂಗು ತಪ್ಪಿತು. ಕ್ಯಾಟ್6 ಕೇಬಲ್‌ಗಳಿಗೆ ಕೆಲವು ನೂರು. ಸಾಫ್ಟ್‌ವೇರ್‌ಗೆ ಏನೂ ಇಲ್ಲ. ಸ್ವಿಚ್ ಕಂಟಿಂಜೆನ್ಸಿ ದುಡ್ಡಿನಲ್ಲಿ ಬಂತು, ಹಾಗಾಗಿ ಮೂರು ಕೊಟೇಶನ್ ಬೇಕಾಗಲಿಲ್ಲ. ವೇಗ ಕೇಳುವವರಿಗೆ: ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110 ಎಂಬಿ ಆಸುಪಾಸು ಮಿತಿ. ಆಪರೇಟಿಂಗ್ ಸಿಸ್ಟಂಗೆ ಅಷ್ಟು ಸಾಕು. ಜಂಬೋ ಫ್ರೇಮ್, ಅಂದರೆ ದೊಡ್ಡ ಪ್ಯಾಕೆಟ್‌ಗಳನ್ನು, ಹಾಕುವ ಆಸೆ ಬರುತ್ತದೆ. ಸರ್ವರ್, ಸ್ವಿಚ್, ನ್ಯಾಸ್ ಮೂರರಲ್ಲೂ ಒಂದೇ ಅಳತೆ ಇಲ್ಲದಿದ್ದರೆ ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ಓದುವಾಗ ನಿಲ್ಲುತ್ತದೆ. ಸುಮ್ನೆ ಮಾಮೂಲಿ 1500 ಬೈಟ್‌ನಲ್ಲೇ ಇರಿ.

ಡಿಸ್ಕ್ ಬಂದರೂ ಈಗ ನಾನು ಹಾಕುವುದಿಲ್ಲ. ಕಾರಣ ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕ್ ಆ ಕ್ಷಣದಲ್ಲಿದ್ದ ಸ್ಥಿತಿಯನ್ನು ಹಿಡಿದಿಡುವುದು. ಕರ್ನಲ್ ಅಪ್‌ಗ್ರೇಡ್ ಮಾಡುವ ಮೊದಲು ನ್ಯಾಸ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆಯುತ್ತೇನೆ. ಕೆಟ್ಟರೆ ಸರ್ವರ್ ಆಫ್ ಮಾಡಿ, ನ್ಯಾಸ್‌ನಲ್ಲಿ ಹಿಂದಕ್ಕೆ ತಿರುಗಿಸಿ, ಮತ್ತೆ ಆನ್. ಆಫ್ ಮಾಡದೆ ತಿರುಗಿಸಬೇಡಿ, ಓಡುತ್ತಿರುವ ಮೆಷಿನ್‌ನ ಕಾಲ ಕೆಳಗಿನ ನೆಲ ಎಳೆದ ಹಾಗೆ. ಎರಡನೇ ಸರ್ವರ್‌ಗೆ ಇದೇ ಜೆಡ್‌ವಾಲ್‌ನ ಕ್ಲೋನ್ ಕೊಡಬಹುದು, ಇನ್‌ಸ್ಟಾಲ್ ಮಾಡುವ ಗೋಜೇ ಇಲ್ಲ. ಕ್ಲೋನ್ ಮಾಡಿದರೆ ಹೋಸ್ಟ್‌ನೇಮ್, ಮೆಷಿನ್-ಐಡಿ, ಎಸ್‌ಎಸ್‌ಎಚ್ ಹೋಸ್ಟ್ ಕೀಗಳು ಮತ್ತು ಇನಿಶಿಯೇಟರ್‌ನ ಐಕ್ಯೂಎನ್, ಈ ನಾಲ್ಕನ್ನು ಬದಲಿಸಿ. ಕೊನೆಯದನ್ನು ಡೆಬಿಯನ್ ಫೈಲ್‌ನಲ್ಲಿ, ಐ-ಪಿಎಕ್ಸ್‌ಇ ಸ್ಕ್ರಿಪ್ಟ್‌ನಲ್ಲಿ, ಎಸಿಎಲ್‌ನಲ್ಲಿ ಮೂರೂ ಕಡೆ ಬದಲಿಸಿ, ಇನಿಟ್‌ರ್ಯಾಮ್‌ಎಫ್‌ಎಸ್ ಮತ್ತೆ ಕಟ್ಟಿದ ಮೇಲೆಯೇ ಎರಡನೇ ಮೆಷಿನ್‌ನ ಪವರ್ ಬಟನ್ ಒತ್ತಿ.